ಒಬ್ಬ ಟಿಪ್ಪು, ಹಲವು ದೇಶಗಳ ತೀರ್ಪು

1782ರ ಏಪ್ರಿಲ್ 8ರಂದು ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಯುದ್ಧನೌಕೆ ‘ಜನರಲ್ ಮಂಕ್’ ಅನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಕಪ್ತಾನ ಜೋಶುವಾ ಬಾರ್ನಿ. ಹಡಗಿನ ಹೆಸರು ‘ಹೈದರ್ ಆಲಿ’. ಮೈಸೂರನ್ನು ಆಳುತ್ತಿದ್ದ ಹೈದರನ ಆಡಳಿತ ಹೇಗಿತ್ತು, ಅವನ ಪ್ರಜೆಗಳು ಸುಖವಾಗಿದ್ದರೇ ಎಂಬ ವಿಚಾರಣೆ ಆ ನಾಮಕರಣಕ್ಕೆ ಬೇಕಿರಲಿಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಹೈದರ್ ಮತ್ತು ಅವನ ಮಗ ಟಿಪ್ಪು ಸದೆಬಡಿದಿದ್ದರು. ಬ್ರಿಟನ್ನಿನ ವಿರುದ್ಧ ತಾವೂ ಕಾದಾಡುತ್ತಿದ್ದ ಅಮೆರಿಕನ್ನರಿಗೆ ಅಷ್ಟೇ ಸಾಕಾಗಿತ್ತು. ಫಿಲಿಪ್ ಫ್ರೆನೋ ಎಂಬ ಕವಿ ಆ ಹಡಗಿನ ಗೆಲುವಿನ ಮೇಲೆ ಪದ್ಯವನ್ನೂ ಕಟ್ಟಿದ.

ಈ ಕಥೆಯ ಇನ್ನೊಂದು ತುದಿ ಬೆಂಗಳೂರಿನ ಕಲಾಸಿಪಾಳ್ಯದ ಮಗ್ಗುಲಲ್ಲಿದೆ.

ಖಾಸಗಿ ಬಸ್ಸುಗಳ ಏಜೆಂಟರು ಊರಿನ ಹೆಸರು ಕೂಗುವ ರಸ್ತೆ, ಲಾರಿ ಬುಕಿಂಗ್ ಆಫೀಸುಗಳು, ಸೊಪ್ಪು ತರಕಾರಿಯ ಮೂಟೆ ಇಳಿಸುವ ಹಮಾಲರು, ಇವನ್ನೆಲ್ಲ ದಾಟಿ ಕೆ.ಆರ್. ಮಾರುಕಟ್ಟೆಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಹಳೆಯ ಕೋಟೆಯ ಉಳಿಕೆ ಸಿಗುತ್ತದೆ. 1537ರಲ್ಲಿ ಕೆಂಪೇಗೌಡರು ಮಣ್ಣಿನಲ್ಲಿ ಕಟ್ಟಿಸಿದ್ದನ್ನು 1761ರಲ್ಲಿ ಹೈದರ್ ಕಲ್ಲಿನಲ್ಲಿ ಎಬ್ಬಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಚೀಚಿನ ಒಂದಿಷ್ಟು ಗೋಡೆ, ಬುರುಜು ಮಾತ್ರ. ಆ ಗೋಡೆಯಲ್ಲಿ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಈ ಬಿರುಕಿನ ಮೂಲಕ ನುಗ್ಗಿದರು ಎಂಬಷ್ಟೇ ಅದರ ತಾತ್ಪರ್ಯ. ನುಗ್ಗಿದವರ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಅದೇ ಕಾರ್ನ್‌ವಾಲಿಸ್. ಅಮೆರಿಕದ ಮಕ್ಕಳು ಅವನನ್ನು ತಮ್ಮ ಸ್ವಾತಂತ್ರ್ಯಕ್ಕೆ ಅಡ್ಡ ಬಂದು ಸೋತವನೆಂದು ಓದುತ್ತಾರೆ. ಬೆಂಗಳೂರಿನಲ್ಲಿ ಅವನು ಗೆದ್ದವನು. 1798ರಲ್ಲಿ ಐರ್ಲೆಂಡ್ ದಂಗೆಯೆದ್ದಾಗ ಅದನ್ನು ಅಡಗಿಸುವ ಹೊಣೆಯೂ ಅವನ ಪಾಲಿಗೇ ಬಂತು. ಮೂರು ಭೂಭಾಗಗಳ ಜನ ಒಬ್ಬನೇ ಮನುಷ್ಯನನ್ನು ನೆನೆಯುವ ಬಗೆ ಬೇರೆ ಬೇರೆ ಆಗಲು ಅವನ ಗುಣ ಬದಲಾದದ್ದು ಕಾರಣವಲ್ಲ. ಅವನ ಮುಂದೆ ನಿಂತಿದ್ದ ಜನ ಬದಲಾಗಿದ್ದರು.

1791ರ ಆ ರಾತ್ರಿ ಬೆಂಗಳೂರಿನ ಕೋಟೆ ಕಾಯುತ್ತಿದ್ದವನು ಕಿಲ್ಲೇದಾರ ಬಹಾದುರ್ ಖಾನ್, ವಯಸ್ಸಾದ ಯೋಧ. ಬಿರುಕಿನ ಬಳಿಯೇ ಕಾದಾಡಿ ಸತ್ತ. ಅವನ ಶವವನ್ನು ಕಳುಹಿಸಿಕೊಡಲು ಕಾರ್ನ್‌ವಾಲಿಸ್ ಮುಂದಾದಾಗ, ಬಿದ್ದ ನೆಲಕ್ಕಿಂತ ಒಳ್ಳೆಯ ಸಮಾಧಿ ಅವನಿಗೆ ಬೇರೆ ಸಿಗದು ಎಂಬರ್ಥದ ಉತ್ತರ ಟಿಪ್ಪುವಿನಿಂದ ಬಂತೆಂದು ಬ್ರಿಟಿಷರ ಬರಹಗಳೇ ಹೇಳುತ್ತವೆ. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 7ರಂದು ಪೇಟೆಯ ಮೇಲಿನ ದಾಳಿಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಮೂರ್‌ಹೌಸ್‌ನ ಕೊನೆಯ ಗಳಿಗೆಯನ್ನು ರಾಬರ್ಟ್ ಹೋಮ್ ದೊಡ್ಡ ತೈಲಚಿತ್ರವಾಗಿ ಬರೆದ. ಈ ಯುದ್ಧಗಳಲ್ಲಿ ಮಡಿದ ತಮ್ಮವರಿಗಾಗಿ ಬ್ರಿಟಿಷರು ಈಗಿನ ಹಡ್ಸನ್ ವೃತ್ತದ ಬಳಿ ಸ್ಮಾರಕ ಸ್ತಂಭ ನಿಲ್ಲಿಸಿದರು. ಅದನ್ನು 1964ರಲ್ಲಿ ಕೆಡವಲಾಯಿತು. ಕೋಟೆಯ ಒಳಗಿನಿಂದ ಹೋರಾಡಿದ ಸಿಪಾಯಿಗಳ ಹೆಸರು ಬಿರುಕಿನ ಆ ಫಲಕದಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಬ್ರಿಟನ್ನಿಗೆ ಟಿಪ್ಪು ಬಹುಕಾಲ ರಾಕ್ಷಸನೇ. ಅದಕ್ಕೆ ಕಾರಣಗಳೂ ಇದ್ದವು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಪಟ್ಟಣದ ಮೇಲಿನ ಕೊನೆಯ ದಾಳಿಗೆ ಅವನೇ ಮುಂದಾಳಾದ. ಸೆರೆಯಾಳುಗಳ ಅನುಭವ ಕಥನಗಳು, ಬಿಳಿಯ ಸೈನಿಕನ ಮೇಲೆರಗಿದ ಟಿಪ್ಪುವಿನ ಮರದ ಹುಲಿ, ಟಿಪ್ಪುವಿನ ಶವ ಪತ್ತೆಯಾದ ದೃಶ್ಯದ ಚಿತ್ರಗಳು, ಇವೆಲ್ಲ ಸೇರಿ ಲಂಡನ್ನಿನ ಜನರ ಮನಸ್ಸಿನಲ್ಲಿ ಒಂದು ಟಿಪ್ಪುವನ್ನು ಕಟ್ಟಿಕೊಟ್ಟವು. ಆ ಹುಲಿ ಇಂದಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಫ್ರಾನ್ಸಿಗೆ ಅವನು ಮಿತ್ರ. 1788ರಲ್ಲಿ ಅವನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಆ ರಾಜನ ತಲೆ ಉರುಳಿದ ಮೇಲೂ ನಂಟು ಮುಂದುವರಿಯಿತು. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದು, ಇಂಗ್ಲಿಷರ ನೊಗದಿಂದ ಬಿಡಿಸುವ ಭರವಸೆ ಕೊಟ್ಟ. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಅದೇ ನೆಪೋಲಿಯನ್ 1802ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಜಾರಿಗೆ ತಂದ. ಇಂದಿನ ಹೈಟಿಯ ಕಪ್ಪು ಜನರನ್ನು ಬಿಡುಗಡೆಯ ಹಾದಿಯಲ್ಲಿ ನಡೆಸಿದ ತುಸೇಂ ಲುವೆರ್ತ್ಯೂರ್ 1803ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತ. ಕಾವೇರಿಯ ದಡಕ್ಕೆ ಬಿಡುಗಡೆಯ ಮಾತು ಕಳುಹಿಸಿದವನು ಕೆರಿಬಿಯನ್ ದ್ವೀಪಗಳಿಗೆ ಕಳುಹಿಸಿದ್ದು ಸಂಕೋಲೆ. ಹಡಗಿಗೆ ಹೈದರನ ಹೆಸರಿಟ್ಟ ಅಮೆರಿಕದ ಲೆಕ್ಕವೂ ಇದಕ್ಕಿಂತ ಚೊಕ್ಕಟವಲ್ಲ. ಆ ಸ್ವಾತಂತ್ರ್ಯ ಸಮರದ ಮುಂದಾಳುಗಳಲ್ಲಿ ಹಲವರು, ವಾಷಿಂಗ್ಟನ್ ಸಹಿತ, ಗುಲಾಮರ ಒಡೆಯರಾಗಿದ್ದರು.

ಮತ್ತೆ ಬೆಂಗಳೂರಿಗೆ ಬಂದರೆ, ಪೇಟೆಯ ತಾರಾಮಂಡಲಪೇಟೆಗೆ ಆ ಹೆಸರು ಬಂದದ್ದು ಇಲ್ಲಿ ತಯಾರಾಗುತ್ತಿದ್ದ ಬಾಣಗಳಿಂದ, ಅಂದರೆ ಕಬ್ಬಿಣದ ಕೊಳವೆಯ ರಾಕೆಟ್‌ಗಳಿಂದ, ಎಂಬ ಮಾತು ಹಳೆ ಬೆಂಗಳೂರಿನಲ್ಲಿ ಚಾಲ್ತಿಯಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಈ ವಿದ್ಯೆಯ ಬೆನ್ನು ಹತ್ತಿದ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ. 1814ರಲ್ಲಿ ಬ್ರಿಟಿಷರು ಅವನ್ನು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿಸಿದರು. ಆ ದೇಶದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಪ್ರಸ್ತಾಪ ಬರುವುದು ಆ ಕಾರಣಕ್ಕೆ. ಅರುವತ್ತರ ದಶಕದಲ್ಲಿ ನಾಸಾದ ವಾಲಪ್ಸ್ ಕೇಂದ್ರಕ್ಕೆ ಹೋದ ಅಬ್ದುಲ್ ಕಲಾಂ ಅಲ್ಲಿ ಟಿಪ್ಪುವಿನ ಪಡೆ ರಾಕೆಟ್ ಹಾರಿಸುವ ಚಿತ್ರವನ್ನು ಕಂಡು ಬೆರಗಾದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ದೂರದ ದೇಶಗಳ ಮಾತು ಬಿಡಿ. ಕರ್ನಾಟಕದ ಒಳಗೇ ಟಿಪ್ಪು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದನ್ನು ಒಪ್ಪಿಕೊಳ್ಳಲು ಈ ರಾಜ್ಯದ ರಾಜಕಾರಣ ತಯಾರಿಲ್ಲ ಎಂಬುದೇ ನೋವಿನ ಸಂಗತಿ.

ಕೊಡಗಿನಲ್ಲಿ 1785ರ ದೇವಟ್‌ಪರಂಬಿನ ನೆನಪು ಇನ್ನೂ ಹಸಿಯಾಗಿದೆ. ಅಲ್ಲಿ ಟಿಪ್ಪುವಿನ ಪಡೆಯವರು ಕೊಡವರನ್ನು ಮೋಸದಿಂದ ಸುತ್ತುವರಿದು ಕೊಂದರು, ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದರು ಎಂದು ಮನೆತನಗಳು ಇಂದಿಗೂ ಹೇಳುತ್ತವೆ. ಸತ್ತವರ, ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಬಲವಂತದ ಗಡೀಪಾರು ನಡೆದದ್ದರ ಬಗ್ಗೆ ಇಲ್ಲ. ಮಂಗಳೂರಿನ ಕ್ಯಾಥೋಲಿಕರು 1784ರಲ್ಲಿ ಅದೇ ದಾರಿ ನಡೆದರು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ತಮ್ಮ ಹಿರಿಯರ ಕೊಲೆಯ ನೆನಪಿನಲ್ಲಿ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಮೈಸೂರು ಅರಮನೆಯ ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ಹೈದರ್ ಮತ್ತು ಟಿಪ್ಪು ಇಬ್ಬರೂ ಗದ್ದುಗೆ ಕಸಿದವರು. ಅದನ್ನು ಮರಳಿ ಪಡೆಯಲು ಅವರು ಮದರಾಸಿನ ಇಂಗ್ಲಿಷರೊಂದಿಗೆ ವರ್ಷಗಟ್ಟಲೆ ಗುಟ್ಟಾಗಿ ಮಾತುಕತೆ ನಡೆಸಿದರು.

ಶೃಂಗೇರಿಯ ಕಡತ ಬೇರೆಯದನ್ನೇ ಹೇಳುತ್ತದೆ. 1791ರಲ್ಲಿ ಪರಶುರಾಮ ಭಾವೂನ ಮರಾಠಾ ಪಡೆಯವರು ಮಠವನ್ನು ಲೂಟಿ ಮಾಡಿದರು. ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಮುರಿದ ಅದೇ ಯುದ್ಧ ಅದು, ಮರಾಠರೂ ನಿಜಾಮರೂ ಬ್ರಿಟಿಷರ ಜೊತೆಗಾರರಾಗಿದ್ದರು. ಮಠವನ್ನು ಮತ್ತೆ ನೆಲೆನಿಲ್ಲಿಸಲು ಹಣ, ಸಾಮಗ್ರಿ ಕಳುಹಿಸಿ ಸ್ವಾಮಿಗಳಿಗೆ ಗೌರವದಿಂದ ಪತ್ರ ಬರೆದವನು ಟಿಪ್ಪು. ಆ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು. ದೇವಟ್‌ಪರಂಬನ್ನು ಹೇಳುವವರು ಶೃಂಗೇರಿಯನ್ನು ಮುಚ್ಚಿಡುತ್ತಾರೆ, ಶೃಂಗೇರಿಯನ್ನು ಎತ್ತಿ ಹಿಡಿಯುವವರು ದೇವಟ್‌ಪರಂಬಿನ ಹತ್ತಿರ ಬಂದಾಗ ಮಾತು ಬದಲಿಸುತ್ತಾರೆ. ಎರಡೂ ನಡೆದವು. ಎರಡನ್ನೂ ಮಾಡಿದವನು ಒಬ್ಬನೇ.

ಹಾಗಾದರೆ ಟಿಪ್ಪು ಸ್ವಾತಂತ್ರ್ಯ ಹೋರಾಟಗಾರನೇ? ಸುತ್ತಲಿನ ರಾಜರೆಲ್ಲ ಕಂಪನಿಯ ಜೊತೆ ಕರಾರಿಗೆ ಸಹಿ ಹಾಕುತ್ತಿದ್ದಾಗ ಕಂಪನಿಯ ಆಳಿಕೆ ಏನನ್ನು ನುಂಗಲಿದೆ ಎಂದು ಅವನಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. 1792ರಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟ ಮೇಲೂ ತಲೆಬಾಗದೆ ಕೈಯಲ್ಲಿ ಕತ್ತಿ ಹಿಡಿದೇ ಸತ್ತ. ಇದಕ್ಕೆ ಗೌರವ ಸಲ್ಲಲೇಬೇಕು. ಆದರೆ ಅವನು ಕಾಪಾಡಲು ಹೊರಟದ್ದು ತನ್ನ ರಾಜ್ಯದ ಸ್ವಾತಂತ್ರ್ಯವನ್ನು. ಆ ರಾಜ್ಯದೊಳಗೆ ಕೊಡವರು ಕೇಳುತ್ತಿದ್ದ ಸ್ವಾತಂತ್ರ್ಯ ಅವನ ಪಾಲಿಗೆ ರಾಜದ್ರೋಹ. ಪ್ರಜೆಗೆ ತನ್ನದೇ ಹಕ್ಕುಗಳಿವೆ ಎಂಬ ಅರ್ಥದ ಸ್ವಾತಂತ್ರ್ಯ ಅವನ ಆಳಿಕೆಯಲ್ಲಿರಲಿಲ್ಲ, ಅವನನ್ನು ಸೋಲಿಸಿದವರ ಆಳಿಕೆಯಲ್ಲೂ ಇರಲಿಲ್ಲ. ಕೊಡಗಿನ ದೊಡ್ಡ ವೀರರಾಜೇಂದ್ರ ಟಿಪ್ಪುವಿನಿಂದ ಬಿಡಿಸಿಕೊಳ್ಳಲು ಬ್ರಿಟಿಷರ ಕೈಹಿಡಿದ. 1834ರಲ್ಲಿ ಬ್ರಿಟಿಷರು ಕೊಡಗನ್ನೇ ನುಂಗಿದರು, ಮೂರು ವರ್ಷಗಳಲ್ಲಿ ಸುಳ್ಯದ ಕಡೆ ರೈತರು ದಂಗೆ ಎದ್ದರು. ಮೈಸೂರಿನ ಗದ್ದುಗೆ ಒಡೆಯರಿಗೆ ಮರಳಿತು, 1831ರಲ್ಲಿ ಆಡಳಿತ ಕಂಪನಿಯ ಕೈಗೆ ಹೋಯಿತು. ಕಲಾಸಿಪಾಳ್ಯದ ಹತ್ತಿರದ ಟಿಪ್ಪು ಅರಮನೆಯ ತೇಗದ ಕಂಬಗಳ ನಡುವೆ ಬ್ರಿಟಿಷ್ ಕಮಿಷನರರ ಕಚೇರಿ ಕೂತಿತು. 1868ರಲ್ಲಿ ಅಠಾರ ಕಚೇರಿಗೆ ವರ್ಗವಾಗುವ ತನಕ ಮೈಸೂರಿನ ಆಡಳಿತ ನಡೆದದ್ದು ಅಲ್ಲಿಂದಲೇ.

ಇಷ್ಟು ಜಟಿಲವಾದ ಮನುಷ್ಯನನ್ನು ಸರ್ಕಾರಗಳು ಸುತ್ತೋಲೆಯಲ್ಲಿ ಹಿಡಿಸಲು ಹೊರಟವು. 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿ ಸರ್ಕಾರಿ ಹಬ್ಬವಾಯಿತು, ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರ ಜುಲೈನಲ್ಲಿ ಹೊಸ ಸರ್ಕಾರ ಬಂದ ಕೆಲವೇ ದಿನಗಳಲ್ಲಿ ಜಯಂತಿ ರದ್ದಾಯಿತು. ಟಿಪ್ಪು ಪೇಟ ತೊಟ್ಟು ಕತ್ತಿ ಹಿಡಿದು ಚಿತ್ರ ತೆಗೆಸಿಕೊಂಡಿದ್ದ ನಾಯಕರು ರದ್ದು ಮಾಡಿದ ಪಕ್ಷದಲ್ಲೂ ಇದ್ದರು. ಜಯಂತಿ ಆರಂಭಿಸಿದ ಪಕ್ಷಕ್ಕೆ ಅದಕ್ಕೂ ಮುಂಚಿನ ಹಲವು ದಶಕಗಳ ಆಡಳಿತದಲ್ಲಿ ಅದು ನೆನಪಾಗಿರಲಿಲ್ಲ. 2017ರಲ್ಲಿ ವಿಧಾನಸೌಧದ ವಜ್ರಮಹೋತ್ಸವಕ್ಕೆ ಬಂದ ರಾಷ್ಟ್ರಪತಿ ರಾಮನಾಥ ಕೋವಿಂದ್ ಟಿಪ್ಪುವಿನ ವೀರಮರಣವನ್ನು ಹೊಗಳಿದಾಗ ಅರ್ಧ ಸಭೆ ಮೇಜು ಕುಟ್ಟಿತು, ಇನ್ನರ್ಧ ಮುಜುಗರಪಟ್ಟಿತು. ಆ ಮುಜುಗರಕ್ಕೂ ಹದಿನೆಂಟನೇ ಶತಮಾನಕ್ಕೂ ಸಂಬಂಧ ಕಡಿಮೆ, ಮುಂದಿನ ಚುನಾವಣೆಗೆ ಹೆಚ್ಚು.

ಸಾಹಿತ್ಯದಲ್ಲಿ ಈ ಚರ್ಚೆ ಎಷ್ಟೋ ಆರೋಗ್ಯಕರವಾಗಿ ನಡೆಯಿತು. ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳ ಮೇಲೆ ನಾಟಕ ಬರೆದರು, ಎಸ್.ಎಲ್. ಭೈರಪ್ಪನವರು ‘ಆವರಣ’ದಲ್ಲಿ ತದ್ವಿರುದ್ಧ ದಿಕ್ಕಿನಿಂದ ನೋಡಿದರು. ಇಬ್ಬರೂ ಪತ್ರಿಕೆಯ ಪುಟಗಳಲ್ಲಿ ಖಡಾಖಡಿ ವಾದಿಸಿದರು. ಓದುಗರು ಎರಡನ್ನೂ ಕೊಂಡು ಓದಿದರು.

ಸರ್ಕಾರ ಮಾಡಬೇಕಾದ ಕೆಲಸ ಜಯಂತಿಯೂ ಅಲ್ಲ, ಅದರ ರದ್ದತಿಯೂ ಅಲ್ಲ. ಕೋಟೆಯೂ ಟಿಪ್ಪು ಅರಮನೆಯೂ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಬಿರುಕಿನ ಹಳೆಯ ಫಲಕವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಕನ್ನಡದ ಇನ್ನೊಂದನ್ನು ನಿಲ್ಲಿಸಬೇಕು. ಬಹಾದುರ್ ಖಾನ್ ಮತ್ತು ಅವನ ಸಿಪಾಯಿಗಳು ಅಲ್ಲಿ ಸತ್ತರೆಂಬುದು, ಎದುರಿನ ಪಡೆಯಲ್ಲೂ ಮದರಾಸಿನ ಕಡೆಯ ದೇಶೀಯ ಸಿಪಾಯಿಗಳಿದ್ದರೆಂಬುದು ಅದರಲ್ಲಿ ಬರಬೇಕು. ಅರಮನೆಯ ಕೋಣೆಗಳಲ್ಲಿ ಶೃಂಗೇರಿಯ ಪತ್ರಗಳ ನಕಲು, ಕೊಡಗಿನ ಮನೆತನಗಳ ಹೇಳಿಕೆ, ಮಂಗಳೂರಿನ ಕ್ಯಾಥೋಲಿಕರ ಬಂಧನದ ವಿವರ, ಲಕ್ಷ್ಮಮ್ಮಣ್ಣಿಯವರ ಸಂಧಾನದ ದಾಖಲೆ ಒಂದರ ಪಕ್ಕ ಒಂದು ಇರಬೇಕು. ಶಾಲೆಯ ಪಾಠವೂ ಹಾಗೇ ಬರಲಿ. 2019ರಲ್ಲಿ ಟಿಪ್ಪುವಿನ ಪಾಠವನ್ನೇ ಕೈಬಿಡಬೇಕೆಂಬ ಬೇಡಿಕೆ ಎದ್ದಿತ್ತು. ಪಾಠ ಕಿತ್ತು ಹಾಕಿದರೆ ದೇವಟ್‌ಪರಂಬಿನ ಕಥೆಯನ್ನು ತರಗತಿಯಲ್ಲಿ ಹೇಳುವ ಅವಕಾಶವೂ ಅದರ ಜೊತೆಗೇ ಹೋಗುತ್ತದೆ. ಮಡಿಕೇರಿಯ ಹುಡುಗಿ ತನ್ನಜ್ಜಿಯಿಂದ ಕೇಳಿದ್ದನ್ನೂ ಕಲಾಸಿಪಾಳ್ಯದ ಹುಡುಗ ತನ್ನ ಮೊಹಲ್ಲಾದಲ್ಲಿ ಕೇಳಿದ್ದನ್ನೂ ಒಂದೇ ತರಗತಿಯಲ್ಲಿ ಹೇಳಿದಾಗ, ಮೇಷ್ಟರು ವರ್ಗಾವಣೆಯ ಹೆದರಿಕೆಯಿಲ್ಲದೆ ಇಬ್ಬರಿಗೂ ದಾಖಲೆ ತೋರಿಸಿ ಪಾಠ ಮುಂದುವರಿಸುವಂತಿರಬೇಕು.