ಗೆದ್ದಲಿಗೆ ಯಾವ ಜಾತಿ ಸ್ವಾಮಿ?

ಇಂಗ್ಲಿಷಿನಲ್ಲಿ ಗೆದ್ದಲಿನ ಬಗೆಗಳಿಗೆ 'ಕಾಸ್ಟ್' ಅಂತಾರೆ. ಅದನ್ನ ಕನ್ನಡಕ್ಕೆ ತರುವಾಗ ಸೀದಾ 'ಜಾತಿ' ಅಂತ ಬರೆದುಬಿಡೋದಿದೆಯಲ್ಲ, ಅದರ ಬಗ್ಗೆ ನನ್ನದೊಂದು ತಕರಾರು. ಸೈನಿಕ ಜಾತಿ, ಕೆಲಸಗಾರ ಜಾತಿ... ಓದಿದವರಿಗೆ ಏನನ್ನಿಸುತ್ತೆ ಹೇಳಿ? ಪ್ರಕೃತಿಯೇ ಹೀಗೆ ಮಾಡಿಟ್ಟಿದೆ ಅಂತ ತಾನೆ?

ಹುತ್ತ ಒಡೆದಾಗ ಏನಾಗುತ್ತೆ ನೋಡಿ. ಕೆಲಸಗಾರ ಗೆದ್ದಲುಗಳು ಹೆಚ್ಚಿನವು ಒಳಕ್ಕೆ ಓಡುತ್ತವೆ. ದೊಡ್ಡ ತಲೆಯ ಸೈನಿಕಗಳು ಒಡಕಿನ ಬಾಯಿಗೆ ಬಂದು ದವಡೆ ಅಗಲಿಸಿ ನಿಲ್ಲುತ್ತವೆ. ಕೆಲವು ಪ್ರಭೇದಗಳಲ್ಲಿ ತಲೆಯನ್ನ ನೆಲಕ್ಕೆ ಬಡಿದು ಅಪಾಯದ ಸುದ್ದಿ ಮುಟ್ಟಿಸುತ್ತವೆ. ಆಮೇಲೆ ಕೆಲಸಗಾರಗಳು ಎಂಜಲು ಬೆರೆಸಿದ ಮಣ್ಣು ತಂದು ತೂತು ಮುಚ್ಚುತ್ತವೆ. ಹೊರಗೆ ಉಳಿದ ಸೈನಿಕ ಹೊರಗೇ, ಇರುವೆಗಳ ಪಾಲು! ಇಷ್ಟೆಲ್ಲ ಆರ್ಭಟ ಮಾಡೋ ಈ ಸೈನಿಕನಿಗೆ ತನ್ನ ತುತ್ತು ತಾನು ತಿನ್ನೋಕೂ ಬರಲ್ಲ. ಕೆಲಸಗಾರಗಳೇ ಉಣಿಸಬೇಕು.

ಹಾಗಂತ ಕಾದಾಟವೇನೂ ಸೈನಿಕರ ಗುತ್ತಿಗೆಯಲ್ಲ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ನಿಯೋಕ್ಯಾಪ್ರಿಟರ್ಮಿಸ್ ತರಾಕುವಾ ಅನ್ನೋ ಗೆದ್ದಲಿದೆ (ಹೆಸರು ಹೇಳೋಕೆ ನಾಲಿಗೆ ತಿರುಗಲ್ಲ, ಬಿಡಿ). ಅದರ ಕೆಲಸಗಾರಗಳಿಗೆ ವಯಸ್ಸಾದಂತೆ ದವಡೆ ಸವೆಯುತ್ತೆ, ಕೆಲಸ ಕಮ್ಮಿಯಾಗುತ್ತೆ. ಜೊತೆಜೊತೆಗೇ ಬೆನ್ನ ಮೇಲಿನ ಚೀಲದಲ್ಲಿ ನೀಲಿ ಹರಳು ತುಂಬುತ್ತಾ ಹೋಗುತ್ತೆ. ಶತ್ರು ಮೇಲೆ ಬಿದ್ದರೆ ಈ ಮುದಿ ಕೆಲಸಗಾರ ತನ್ನ ಮೈಯನ್ನೇ ಒಡೆದುಕೊಳ್ಳುತ್ತೆ. ಹರಳು ಜೊಲ್ಲಿನ ಗ್ರಂಥಿಯ ರಸದ ಜೊತೆ ಬೆರೆತು ವಿಷವಾಗುತ್ತೆ. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು. ಈಗ ಹೇಳಿ, ಅದು ಯಾವ ಜಾತಿ?

ಇನ್ನು ಹುಟ್ಟಿನ ವಿಷಯ. ಯಾವ ಮರಿ ಏನಾಗಬೇಕು ಅನ್ನೋದು ಬಹುಮಟ್ಟಿಗೆ ಆಹಾರ, ಹಾರ್ಮೋನು, ಗೂಡಿನೊಳಗಿನ ರಾಸಾಯನಿಕ ಸಂಕೇತಗಳ ಮೇಲೆ ನಿಂತಿದೆ. ಕೆಲವು ಪ್ರಭೇದಗಳಲ್ಲಿ ಲಿಂಗದ್ದೂ ವಂಶವಾಹಿಗಳದ್ದೂ ಪಾತ್ರ ಇದೆ, ಇಲ್ಲ ಅನ್ನಲ್ಲ. ಆದರೆ ಗೂಡಿನಲ್ಲಿ ಸೈನಿಕರು ಕಮ್ಮಿಯಾದರೆ ಉಳಿದ ಮರಿಗಳಲ್ಲಿ ಹೆಚ್ಚಿನವು ಸೈನಿಕರಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ಸೈನಿಕ ಗೆದ್ದಲಿಗೆ ಮಕ್ಕಳೇ ಆಗಲ್ಲ. ಇನ್ನು ಅಪ್ಪನ ಕಸುಬು ಮಗನಿಗೆ ಅನ್ನೋ ಮಾತೆಲ್ಲಿ ಬಂತು? ರಾಜ, ರಾಣಿ, ಸೈನಿಕ, ಕೆಲಸಗಾರ ಎಲ್ಲ ಒಂದೇ ಮನೆಯವರು!

ಜಾತಿ ಅಂದ್ರೆ ಬಗೆ ಅಂತಲೂ ಅರ್ಥ ಇದೆ, ಮಾವಿನ ಜಾತಿ ಅನ್ನಲ್ವಾ ಅಂತ ನೀವು ಕೇಳಬಹುದು. ಸರಿ. ಆದರೆ ರಸಪುರಿ, ಮಲಗೋವಾ ಪಕ್ಕಪಕ್ಕದಲ್ಲಿ ಇರೋ ಬಗೆಗಳು. 'ಕೆಲಸಗಾರ ಜಾತಿ' ಅಂದಾಗ ನಮ್ಮ ಕಿವಿಗೆ ಬೀಳೋದೇ ಬೇರೆ. ಮಕ್ಕಳಿಗಂತೂ ಅದು ವಿಜ್ಞಾನದ ಮಾತಾಗಿಯೇ ತಲೆಗೆ ಹೋಗುತ್ತೆ.

'ವರ್ಗ' ಅನ್ನೋಣ ಅಂದ್ರೆ ಅದು ಜೀವಶಾಸ್ತ್ರದಲ್ಲಿ ಆಗಲೇ ಬೇರೆ ಕೆಲಸಕ್ಕೆ ಹಚ್ಚಿದ ಪದ. ಸದ್ಯಕ್ಕೆ ನಾನು 'ಬಗೆ' ಅಂತಲೇ ಬರೀತೀನಿ. ನಿಮ್ಮ ಹತ್ರ ಇನ್ನೂ ಒಳ್ಳೆ ಪದ ಇದ್ರೆ ಹೇಳಿ.