ಸೀಟು ದೊರೆತರೆ ಸಾಕೇ?

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ದಾದಿಯಾಗಬಯಸುವ ಮಕ್ಕಳ ಮನೆಗಳಿಗೆ ದಲ್ಲಾಳಿಗಳ ಸವಾರಿ ಆರಂಭವಾಗುತ್ತದೆ. ಇಂಗ್ಲಿಷಿನಲ್ಲಿ ಉತ್ತೀರ್ಣರಾಗಿ, ಭೌತ, ರಸಾಯನ ಹಾಗೂ ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಅಂಕ ಗಳಿಸಿದ ಸಾಮಾನ್ಯ ವರ್ಗದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಅರ್ಹರು. ಆದರೆ ಅರ್ಹತೆಯೇ ಬೇರೆ, ಉತ್ತಮ ಕಾಲೇಜಿನ ಸೀಟೇ ಬೇರೆ. ನಮ್ಮ ರಾಜ್ಯದಲ್ಲೀಗ ಸರಕಾರಿ ಕೋಟಾದ ಸೀಟುಗಳಿಗೆ ಸಿಇಟಿ ಬರೆದಿರಬೇಕು. ಅದರ ಅರ್ಜಿಯ ಗಡುವು ಫಲಿತಾಂಶಕ್ಕೆ ಬಹಳ ಮುಂಚೆಯೇ ಮುಗಿದಿರುತ್ತದೆ. ಇದನ್ನರಿಯದ ಬಡ ಕುಟುಂಬಗಳೇ ದಲ್ಲಾಳಿಯ ಬಲೆಗೆ ಬೀಳುತ್ತವೆ.

ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ತೆರುವ ಮುನ್ನ ಪಾಲಕರು ಮೊದಲು ನೋಡಬೇಕಾದುದು ಆಸ್ಪತ್ರೆಯನ್ನು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಸೂಜಿ ಚುಚ್ಚುವುದನ್ನು ಬೊಂಬೆಯ ಮೇಲೆ ಕಲಿಯಬಹುದು. ನಡುರಾತ್ರಿ ನರಳುವವನ ನಾಡಿ ಹಿಡಿದು ಅಪಾಯವನ್ನು ಗುರುತಿಸುವ ವಿದ್ಯೆ ವಾರ್ಡಿನಲ್ಲಲ್ಲದೆ ಬಾರದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ರೋಗಿಗಳಿಗೆ ಔಷಧ ನೀಡತೊಡಗಿದ್ದು 1880ರಲ್ಲಿ. ಅಲ್ಲಿ ನರ್ಸಿಂಗ್ ಶಾಲೆ ತೆರೆದದ್ದು ದಶಕಗಳು ಕಳೆದ ಮೇಲೆ. ಇಂದು ಕೆಲವೆಡೆ ಈ ಕ್ರಮ ತಲೆಕೆಳಗಾಗಿದೆ: ಮೊದಲು ಕಾಲೇಜು, ಆಮೇಲೆ ಆಸ್ಪತ್ರೆಯ ಹುಡುಕಾಟ!

ನಮ್ಮ ಧರ್ಮಕೇಂದ್ರಗಳಲ್ಲಿ ಅನುಭವಿ ದಾದಿಯರಿಗೆ ಕೊರತೆಯಿಲ್ಲ. ಅವರಲ್ಲೊಬ್ಬರನ್ನು ಜೊತೆಗೆ ಕರೆದೊಯ್ದು, ಮುನ್ಸೂಚನೆ ನೀಡದೆ, ಸಾಮಾನ್ಯ ದಿನವೊಂದರ ಭೇಟಿಯ ವೇಳೆಯಲ್ಲಿ ಆಸ್ಪತ್ರೆಯನ್ನು ಒಮ್ಮೆ ಸುತ್ತಿಬನ್ನಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ವಿದ್ಯಾರ್ಥಿಗಳ ಜೊತೆ ಶಿಕ್ಷಕಿ ಇದ್ದಾರೆಯೇ ಎಂದು ನೋಡಿ. ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕುವುದು ಆಮೇಲಿನ ಕೆಲಸ.