ಮುಗಿದ ಡಿಗ್ರಿಯೇ ಅಗ್ಗದ ಡಿಗ್ರಿ

ಹೈದರಾಬಾದಿನ ಅಬಿಡ್ಸ್‌ನಿಂದ ಕೋಠಿಯ ಕಡೆಗೆ ನಡೆದರೆ ಕರೆಂಟ್ ಕಂಬಗಳಿಗೂ ಝೆರಾಕ್ಸ್ ಅಂಗಡಿಗಳ ಗಾಜಿಗೂ ಅಂಟಿಸಿದ ಚೀಟಿಗಳು ಕಣ್ಣಿಗೆ ಬೀಳುತ್ತವೆ. ನಿಂತುಹೋದ ಡಿಗ್ರಿ ಮುಗಿಸಿ, ಮನೆಯಲ್ಲೇ ಕೂತು ಓದಿ, ಫೀಸು ಕಂತಿನಲ್ಲಿ ಕಟ್ಟಿ ಎಂದು ಕರೆಯುತ್ತವೆ. ಹಿಂದೆ ‘ಕರೆಸ್ಪಾಂಡೆನ್ಸ್’ ಎಂದು ಬರೆಯುತ್ತಿದ್ದ ಜಾಗದಲ್ಲಿ ಈಗ ‘ಆನ್‌ಲೈನ್’ ಬಂದಿದೆ. ಚೀಟಿಯ ಮುಂದೆ ನಿಲ್ಲುವವರು ಬದಲಾಗಿಲ್ಲ: ಬಿ.ಕಾಂ. ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟು ಅಂಗಡಿಯ ಲೆಕ್ಕ ಬರೆಯಲು ಕೂತ ಹುಡುಗ, ಮದುವೆಯಾಗಿ ಬೀದರಿನಿಂದ ಬಂದ ಹೆಣ್ಣುಮಗಳು, ಹೋಟೆಲಿನ ಗಲ್ಲಾದ ಮೇಲಿರುವ ಉಡುಪಿ ಕಡೆಯ ತರುಣ. ಇವರೆಲ್ಲ ಮೊದಲು ಕೇಳುವುದು, ಎಲ್ಲಿ ಅಗ್ಗ ಎಂದು. ಕೇಳುವುದು ನ್ಯಾಯವೇ. ಆದರೆ ಫೀಸೊಂದನ್ನೇ ನೋಡಿ ಉತ್ತರ ಹೇಳಿಬಿಟ್ಟರೆ ಮೋಸಹೋಗುತ್ತೇವೆ. ಪ್ರಮಾಣಪತ್ರ ಕೈಗೆ ಬರುವ ದಿನದವರೆಗೆ ತಗಲುವ ಹಣ, ಕಾಲ, ಕಳೆದುಕೊಂಡ ಕೂಲಿ ಎಲ್ಲ ಸೇರಿದರೆ ಡಿಗ್ರಿಯ ಬೆಲೆ. ಮುಗಿಯದೆ ಹೋದರೆ, ಎಷ್ಟೇ ಕಡಿಮೆ ಕಟ್ಟಿದ್ದರೂ, ಕಟ್ಟಿದ್ದೆಲ್ಲ ದಂಡ.

ಈ ಊರಲ್ಲಿ ಕನ್ನಡಿಗನಿಗೆ ಈ ಲೆಕ್ಕ ಹೊಸದಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನ ಆಡಳಿತದಲ್ಲೇ ಇದ್ದವು; ಅಲ್ಲಿಯ ಹೆಚ್ಚಿನವರಿಗೆ ಪದವಿ ಓದು ಎಂದರೆ ಹೈದರಾಬಾದಿನ ದಾರಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ದಶಕಗಳಲ್ಲಿ ಪಾಠ ಉರ್ದುವಿನಲ್ಲಿ. 1887ರ ನಿಜಾಂ ಕಾಲೇಜು ಆ ದಶಕಗಳಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಅಲ್ಲಿ ಇಂಗ್ಲಿಷ್. ಮನೆಯಲ್ಲಿ ಕನ್ನಡ ಆಡುವ ಹುಡುಗ ಫೀಸಿನ ಜೊತೆಗೆ ಭಾಷೆಯ ತೆರಿಗೆಯನ್ನೂ ಕಟ್ಟಬೇಕಿತ್ತು. ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ.

ಎರಡೇ ವರ್ಷದ ನಂತರ, 1982ರಲ್ಲಿ, ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹೈದರಾಬಾದಿನಲ್ಲೇ ಶುರುವಾಯಿತು. ಆಗ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ, ಇಂದು ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ. ಅದನ್ನು ಕಟ್ಟಿದ ಮೊದಲ ಕುಲಪತಿ ಜಿ. ರಾಮ್‌ ರೆಡ್ಡಿಯವರೇ 1985ರಲ್ಲಿ ದೆಹಲಿಗೆ ಹೋಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಕಟ್ಟಿದರು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ವಿಭಾಗ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಬಿಡ್ಸ್‌ನಲ್ಲಿ ಕೂತು ಹೋಲಿಸುವ ಕನ್ನಡಿಗನ ಮುಂದೆ ಮುಖ್ಯವಾಗಿ ಇರುವುದು ಈ ಮೂರು ಸರಕಾರಿ ದಾರಿಗಳು. ಇವುಗಳ ಪಕ್ಕದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳು. ಸರಕಾರಿ ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಕೆಲವು ಸಾವಿರ ರೂಪಾಯಿಗಳಲ್ಲಿ ಸಾಗುತ್ತದೆ. ಖಾಸಗಿ ಆನ್‌ಲೈನ್ ಬಿಬಿಎ, ಬಿಸಿಎ ಸಾಮಾನ್ಯವಾಗಿ ಲಕ್ಷ ದಾಟುತ್ತದೆ.

ಫೀಸಿಗಿಂತ ಮೊದಲು ನೋಡಬೇಕಾದದ್ದು ಮಾನ್ಯತೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಗಳ ಪ್ರಕಾರ, ಅನುಮತಿ ಪಡೆದು ನಡೆಸಿದ ದೂರಶಿಕ್ಷಣದ ಅಥವಾ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಇಲ್ಲಿ ಭಾರವೆಲ್ಲ ‘ಅನುಮತಿ’ಯ ಮೇಲಿದೆ. ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಜೊತೆಗೂಡಿ ಕೋರ್ಸು ನಡೆಸಿದ್ದಕ್ಕೆ 2012-13ರ ನಂತರದ ಮಾನ್ಯತೆ ಕಳೆದುಕೊಂಡಿತು. ಯುಜಿಸಿ ಅದನ್ನು ಸಾರಿದ್ದು 2015ರಲ್ಲಿ, ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಓದಿದವರು ಯಾರದೋ ತಪ್ಪಿಗೆ ಅಲೆದರು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಮೇಲೆ ಕತ್ತರಿ ಆಡಿಸಿತು. ಆದ್ದರಿಂದ ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದರೆ ಸಾಲದು. ನೀವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಅನುಮತಿ ಇರಬೇಕು. 2024ರಿಂದ ವಿದ್ಯಾರ್ಥಿಯೇ ಯುಜಿಸಿ ತಾಣದಲ್ಲಿ ದೂರಶಿಕ್ಷಣ ಬ್ಯೂರೊದ ಗುರುತಿನ ಸಂಖ್ಯೆ (ಡಿಇಬಿ ಐಡಿ) ಮಾಡಿಕೊಳ್ಳಬೇಕೆಂಬ ನಿಯಮ ಬಂದಿದೆ. ಅದು ಬೇಡ, ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಏಜೆಂಟನ ಮುಂದಿನಿಂದ ಎದ್ದು ಬನ್ನಿ. ‘ಒನ್ ಸಿಟ್ಟಿಂಗ್ ಡಿಗ್ರಿ’ ಎಂದು ಮೂರು ವರ್ಷದ ಓದನ್ನು ಒಂದೇ ಪರೀಕ್ಷೆಯಲ್ಲಿ ಮುಗಿಸಿಕೊಡುವವನದು ಎಷ್ಟು ಅಗ್ಗವಾದರೂ ದುಬಾರಿಯೇ.

ಎರಡನೆಯದು, ಹಳೆಯ ಓದಿಗೆ ಸಿಗುವ ಬೆಲೆ. ಅಮೆರಿಕದಲ್ಲಿ ಪದವಿಗೆ ಬೇಕಾದ 120 ಕ್ರೆಡಿಟ್‌ಗಳ ಪೈಕಿ ಹಳೆಯ ಕಾಲೇಜಿನ 90ರವರೆಗೆ ಒಪ್ಪಿಕೊಳ್ಳುವ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಡಿಗ್ರಿ ಮುಗಿಸುವುದು ಎಂದರೆ ನಿಂತ ಕಡೆಯಿಂದ ಮುಂದೆ ಹೋಗುವುದು. ನಮ್ಮಲ್ಲಿ ಮುಗಿಸುವುದು ಎಂದರೆ ಬಹಳ ಸಲ ಮತ್ತೆ ಮೊದಲಿನಿಂದ ಶುರುಮಾಡುವುದು. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಈ ತೊಡಕು ಬಿಡಿಸಲು ಹೊರಟಿದೆ. ಜಮೆಯಾದ ಕ್ರೆಡಿಟ್ ಏಳು ವರ್ಷದವರೆಗೆ ಬಾಳುತ್ತದೆ. ಆದರೆ 2012ರಲ್ಲಿ ಕಾಲೇಜು ಬಿಟ್ಟವನ ಖಾತೆಯಲ್ಲಿ ಜಮೆ ಏನಿದೆ? ಅಂಥವನಿಗೆ ನಾನು ಹೇಳುವುದು, ಮೊದಲು ನಿಮ್ಮ ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೇ ಹೋಗಿ ಎಂದು. ಉಸ್ಮಾನಿಯಾ ಸೇರಿದಂತೆ ಕೆಲವು ವಿಶ್ವವಿದ್ಯಾಲಯಗಳು ಆಗಾಗ ‘ಒನ್ ಟೈಮ್ ಚಾನ್ಸ್’ ಎಂದು ಹಳೆಯ ಬ್ಯಾಕ್‌ಲಾಗ್ ಕಟ್ಟಲು ಅವಕಾಶ ಕೊಟ್ಟಿವೆ. ಮೂರೋ ನಾಲ್ಕೋ ಪೇಪರು ಬಾಕಿಯಿದ್ದವನಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ಚೀಟಿ ಅಂಟಿಸುವವರು ಇದನ್ನು ಹೇಳುವುದಿಲ್ಲ, ಹೇಳಿದರೆ ಅವರಿಗೇನು ಗಿಟ್ಟುತ್ತದೆ?

ಮೂರನೆಯದು ಪರೀಕ್ಷೆ. ಇಗ್ನೋದಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ಶೇ. 30, ಜೂನ್ ಮತ್ತು ಡಿಸೆಂಬರಿನಲ್ಲಿ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ. 70. ಸೆಮಿಸ್ಟರಿಗೆ ನಾಲ್ಕು ಪೇಪರು ಎಂದಿಟ್ಟುಕೊಂಡರೂ ಆರು ಸೆಮಿಸ್ಟರಿಗೆ 24 ದಿನ. ದಿನಕ್ಕೆ 600 ರೂಪಾಯಿ ದುಡಿಯುವವನಿಗೆ ಅದು 14,400 ರೂಪಾಯಿಯ ಕೂಲಿ ನಷ್ಟ, ಹೆಚ್ಚುಕಡಿಮೆ ಇನ್ನೊಂದು ಫೀಸು. ಪರೀಕ್ಷೆಗೆ ಊರು ಬಿಟ್ಟು ಹೋಗಬೇಕಾದರೆ ಬಸ್ಸಿನ ಖರ್ಚು, ತಂಗುವ ಖರ್ಚು ಬೇರೆ. ಹಾಗಾದರೆ ಮನೆಯಲ್ಲೇ ಬರೆಯುವ ಆನ್‌ಲೈನ್ ಪರೀಕ್ಷೆ ಒಳ್ಳೆಯದಲ್ಲವೇ ಎನ್ನಬಹುದು. ಒಳ್ಳೆಯದೇ, ಕ್ಯಾಮೆರಾ ಇರುವ ಲ್ಯಾಪ್‌ಟಾಪು, ನಿಲ್ಲದ ನೆಟ್ಟು, ಮೂರು ಗಂಟೆ ಬೇರೆ ಯಾರೂ ಬಾರದ ಕೋಣೆ ಇದ್ದವರಿಗೆ. ಟ್ರೂಪ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯಲ್ಲಿ ನಾಲ್ವರಿರುವ ಕಡೆ ಈ ಮೂರರಲ್ಲಿ ಒಂದು ಸಿಕ್ಕರೆ ಹೆಚ್ಚು.

ನಾಲ್ಕನೆಯದು, ಓದಿನಲ್ಲಿ ಆಸರೆ. ಭಾನುವಾರ ಅಬಿಡ್ಸ್‌ನ ಮುಚ್ಚಿದ ಅಂಗಡಿಗಳ ಮುಂದೆ ಹಳೆ ಪುಸ್ತಕದ ರಾಶಿ ಬೀಳುತ್ತದೆ. ಅದರಲ್ಲಿ ಮುಕ್ತ ವಿಶ್ವವಿದ್ಯಾಲಯಗಳ ಪಠ್ಯಗಳೂ ಇರುತ್ತವೆ. ಅಂಥದ್ದೊಂದು ಅರ್ಥಶಾಸ್ತ್ರದ ಪುಸ್ತಕ ತಿರುವಿಹಾಕಿದೆ. ಮೊದಲ ಎರಡು ಘಟಕಗಳಲ್ಲಿ ಸಾಲುಸಾಲಿಗೆ ಪೆನ್ಸಿಲ್ ಗೆರೆ, ಅಂಚಿನಲ್ಲಿ ಪುಟ್ಟ ಅಕ್ಷರದ ತೆಲುಗು ಅರ್ಥ. ಮೂರನೆಯದರಲ್ಲಿ ಗೆರೆ ವಿರಳ. ಐದರ ನಂತರ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮನಸ್ಸಿಟ್ಟು ಶುರುಮಾಡಿದ ಯಾರೋ ಕೇಳುವವರಿಲ್ಲದೆ ನಿಂತದ್ದು ಅಲ್ಲಿ ಕಾಣುತ್ತಿತ್ತು. ಒಬ್ಬನೇ ಓದುವವನನ್ನು ಸೋಲಿಸುವುದು ಪಾಠದ ಕಷ್ಟಕ್ಕಿಂತ ಹೆಚ್ಚಾಗಿ ಒಂಟಿತನ. ಭಾನುವಾರದ ತರಗತಿ ನಡೆಯುವ ಅಧ್ಯಯನ ಕೇಂದ್ರ ಹತ್ತಿರವಿದೆಯೇ, ಫೋನ್ ಮಾಡಿದರೆ ಎತ್ತುವವರಿದ್ದಾರೆಯೇ ಎಂದು ವಿಚಾರಿಸುವುದು ಫೀಸು ವಿಚಾರಿಸುವಷ್ಟೇ ಮುಖ್ಯ.

ಭಾಷೆಯ ತೆರಿಗೆಯೂ ಇನ್ನೂ ತೀರಿಲ್ಲ. ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ತೆಲುಗು, ಇಂಗ್ಲಿಷ್, ಉರ್ದು ಮಾಧ್ಯಮಗಳಿವೆ. ಇಗ್ನೋದಲ್ಲಿ ಮುಖ್ಯವಾಗಿ ಇಂಗ್ಲಿಷ್, ಹಿಂದಿ. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರಿಗೆ ಕನ್ನಡದಲ್ಲೇ ಬಿ.ಎ. ಬೇಕಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೇ ಗತಿ. ಆದರೆ ರಾಜ್ಯದ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣದ ಕೇಂದ್ರವನ್ನು ರಾಜ್ಯದಾಚೆ ತೆರೆಯುವಂತಿಲ್ಲ. ದುರುಪಯೋಗ ತಡೆಯಲು ಬಂದ ಆ ನಿಯಮ ಗಡಿಯ ಈಚೆಗಿನ ಕನ್ನಡಿಗನನ್ನೂ ಹೊರಗಿಟ್ಟಿತು. ಆನ್‌ಲೈನ್ ಕೋರ್ಸಿಗೆ ಗಡಿಯ ಕಟ್ಟು ಇಲ್ಲ. ಹೊರನಾಡ ಕನ್ನಡಿಗನ ಮಟ್ಟಿಗೆ ಆನ್‌ಲೈನ್ ಎಂಬುದರ ನಿಜವಾದ ಲಾಭ ಇದೇ.

ಖಾಸಗಿ ಆನ್‌ಲೈನ್ ಕೋರ್ಸೆಲ್ಲ ಬೂಟಾಟಿಕೆ ಎನ್ನುವುದು ತಪ್ಪಾಗುತ್ತದೆ. ಪಾಠದ ವಿಡಿಯೊ ಅಚ್ಚುಕಟ್ಟಾಗಿರುತ್ತದೆ, ಫಲಿತಾಂಶ ಬೇಗ ಬರುತ್ತದೆ, ಪತ್ರಕ್ಕೆ ಉತ್ತರ ಸಿಗುತ್ತದೆ. ಸರಕಾರಿ ಕಡೆ ಪುಸ್ತಕ ತಡವಾಗುವುದು, ಬರೆದು ಕೊಟ್ಟ ಅಸೈನ್‌ಮೆಂಟಿನ ಅಂಕ ಏರದೆ ಉಳಿಯುವುದು ಓದುವವರ ಹಳೆಯ ದೂರು. ಆದರೂ ಸಾಲ ಮಾಡಿ ಲಕ್ಷ ಕಟ್ಟಿದವನು ಎರಡನೇ ವರ್ಷದಲ್ಲಿ ಕೈಬಿಟ್ಟರೆ ಡಿಗ್ರಿ ಬರುವುದಿಲ್ಲ, ಕಂತು ಮಾತ್ರ ಬರುತ್ತಿರುತ್ತದೆ. ಇಗ್ನೋದಲ್ಲಿ ಮೂರು ವರ್ಷದ ಪದವಿಗೆ ಆರು ವರ್ಷದ ಗಡುವಿದೆ. ಬದುಕು ನೆಟ್ಟಗಿಲ್ಲದವನಿಗೆ ಈ ಸಡಿಲಿಕೆಯೇ ದೊಡ್ಡ ರಿಯಾಯಿತಿ.

ನನ್ನ ತೀರ್ಮಾನ ಹೀಗಿದೆ. ಕೆಲವೇ ಪೇಪರು ಬಾಕಿಯಿದ್ದರೆ ಹಳೆಯ ವಿಶ್ವವಿದ್ಯಾಲಯ. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದಬಲ್ಲಿರಾದರೆ ಅಂಬೇಡ್ಕರ್ ವಿಶ್ವವಿದ್ಯಾಲಯ ಅಥವಾ ಇಗ್ನೋ, ಯಾವುದರ ಕೇಂದ್ರ ಹತ್ತಿರವೋ ಅದು. ಕನ್ನಡವೇ ಬೇಕಿದ್ದರೆ ಮೈಸೂರು, ನಿಮ್ಮ ವಿಷಯ ಆನ್‌ಲೈನಿನಲ್ಲಿದೆಯೇ ಎಂದು ನೋಡಿಕೊಂಡು. ಕೈಯಲ್ಲಿ ಹಣವಿದ್ದು, ಬೇಕಾದ ವಿಷಯ ಬೇರೆಲ್ಲೂ ಇಲ್ಲದಿದ್ದರೆ ಮಾತ್ರ ಖಾಸಗಿ. ಕರ್ನಾಟಕ, ತೆಲಂಗಾಣ ಸರಕಾರಗಳಿಗೆ ಒಂದು ಕೋರಿಕೆ: ಎರಡೂ ಮುಕ್ತ ವಿಶ್ವವಿದ್ಯಾಲಯಗಳು ಯುಜಿಸಿಯ ಒಪ್ಪಿಗೆ ಪಡೆದು, ಒಂದರ ವಿದ್ಯಾರ್ಥಿಗೆ ಇನ್ನೊಂದರ ಕೇಂದ್ರದಲ್ಲಿ ಪರೀಕ್ಷೆ ಬರೆಯುವ ಅವಕಾಶ ಕೊಡಲಿ. ಹೈದರಾಬಾದಿನ ಕನ್ನಡ ಸಂಘಗಳಿಗೆ ಇನ್ನೊಂದು: ರಾಜ್ಯೋತ್ಸವಕ್ಕೆ ತೆರೆಯುವ ಸಭಾಂಗಣವನ್ನು ಭಾನುವಾರ ಎರಡು ಗಂಟೆ ಈ ಓದುವವರಿಗೂ ಬಿಟ್ಟುಕೊಡಿ.